ಹೆಸರು ತೆಗೆದ ಸರ್ಚ್ ಡೇಟಾ ಕೊಂಡು ನಮ್ಮ ಸೀರೆ ವ್ಯಾಪಾರಕ್ಕೆ ಬಳಸಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಇಳಕಲ್‌ನಲ್ಲಿ ಸೀರೆ ಅಂಗಡಿ ಇದೆ, ಈಗ ಆನ್‌ಲೈನ್ ಮಾರಾಟಕ್ಕೆ ಇಳಿಯುತ್ತಿದ್ದೀರಿ. ಮಾರ್ಕೆಟಿಂಗ್ ಮಾಡಿಕೊಡುವವರೊಬ್ಬರು "ಸರ್ಚ್ ಎಂಜಿನ್ ಕಂಪನಿನೇ ಹೊರಗ ಬಿಟ್ಟ ಡೇಟಾ ಐತ್ರಿ, ಎಓಎಲ್‌ದು, ಯಾರ ಹೆಸರೂ ಇಲ್ಲ ಅದರಾಗ" ಅಂತ ಹೇಳಿ ದುಡ್ಡು ಕೇಳುತ್ತಿದ್ದಾರೆ. ಹೆಸರೇ ಇಲ್ಲದ ಮೇಲೆ ಪ್ರೈವೆಸಿ ತಕರಾರು ಎಲ್ಲಿಂದ ಬಂತು ಅನ್ನುವುದು ನಿಮ್ಮ ಅನುಮಾನ.

ತಗೋಬೇಡಿ. ನಾನು ಬಾಗಲಕೋಟೆಯಲ್ಲಿ ಕೂತು ಸೀರೆ, ಖಣ, ಕರದಂಟು ಮಾರುವವರ ವೆಬ್‌ಸೈಟು, ಜಾಹೀರಾತು ನೋಡಿಕೊಳ್ಳುವವನು. ಆ ಫೈಲು ಇಂಟರ್ನೆಟ್‌ನಲ್ಲಿ ಪುಕ್ಕಟೆ ಹರಿದಾಡುತ್ತ ಎಷ್ಟೋ ವರ್ಷವಾಯಿತು. ಅದಕ್ಕೆ ದುಡ್ಡು ಕೇಳುವವರ ಧೈರ್ಯ ಮೆಚ್ಚಬೇಕು.

ಅದರ ಕಥೆ ಇಷ್ಟು. 2006ರ ಆಗಸ್ಟ್‌ನಲ್ಲಿ ಅಮೆರಿಕದ ಎಓಎಲ್ ಎಂಬ ಇಂಟರ್ನೆಟ್ ಕಂಪನಿಯ ಸಂಶೋಧನಾ ವಿಭಾಗ, ಅಧ್ಯಯನ ಮಾಡುವವರಿಗೆ ಅನುಕೂಲವಾಗಲಿ ಅಂತ ತನ್ನ ಸರ್ಚ್ ದಾಖಲೆಯ ಒಂದು ಭಾಗವನ್ನು ಹೊರಗಿಟ್ಟಿತು. ಆ ವರ್ಷದ ಮಾರ್ಚ್‌ನಿಂದ ಮೇ ತನಕ ಸುಮಾರು 6.5 ಲಕ್ಷ ಜನ ಮಾಡಿದ 2 ಕೋಟಿಯಷ್ಟು ಹುಡುಕಾಟ. ಗಲಾಟೆ ಎದ್ದ ಮೇಲೆ ಕೆಲವೇ ದಿನದಲ್ಲಿ ತೆಗೆದುಹಾಕಿದರು. ಅಷ್ಟರಲ್ಲಿ ಪ್ರತಿಗಳು ಎಲ್ಲೆಲ್ಲೋ ಹೋಗಿದ್ದವು. ಕಂಪನಿಯ ಮುಖ್ಯ ತಾಂತ್ರಿಕ ಅಧಿಕಾರಿ ಅದೇ ತಿಂಗಳು ರಾಜೀನಾಮೆ ಕೊಟ್ಟರು.

ಫೈಲಿನಲ್ಲಿ ಐದು ಕಾಲಂ ಇವೆ: ಬಳಕೆದಾರರಿಗೆ ಕೊಟ್ಟ ನಂಬರ್, ಅವರು ಟೈಪ್ ಮಾಡಿದ ಮಾತು, ದಿನಾಂಕ-ಸಮಯ, ಎಷ್ಟನೇ ಫಲಿತಾಂಶ ಒತ್ತಿದರು, ಯಾವ ಸೈಟಿಗೆ ಹೋದರು. ಹೆಸರು ತೆಗೆದದ್ದು ನಿಜ. ಆದರೆ ಒಬ್ಬ ವ್ಯಕ್ತಿಗೆ ಮೂರೂ ತಿಂಗಳು ಒಂದೇ ನಂಬರ್. ನಿಮಗೆ ಹೇಳಬೇಕಾಗಿಲ್ಲ, ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೆ ಸೆರಗಿನ ಎಳೆ ಜೋಡಿಸುವುದು ಕೊಂಡಿ. ಇಲ್ಲಿ ಆ ಕೆಲಸವನ್ನು ಈ ನಂಬರ್ ಮಾಡುತ್ತದೆ. ಬಿಡಿಬಿಡಿಯಾಗಿ ಏನೂ ಹೇಳದ ನೂರಾರು ಹುಡುಕಾಟಗಳು ಅದರಿಂದ ಒಬ್ಬ ಮನುಷ್ಯನ ಸುತ್ತ ಕೂಡಿಕೊಳ್ಳುತ್ತವೆ.

ನ್ಯೂಯಾರ್ಕ್ ಟೈಮ್ಸ್ ವರದಿಗಾರರು ಅಂಥ ಒಂದೇ ಒಂದು ನಂಬರಿನ ಬೆನ್ನು ಹತ್ತಿದರು. ಊರಿನ ತೋಟದ ಕೆಲಸದವರನ್ನು ಹುಡುಕಿದ್ದು, ಒಂದೇ ಮನೆತನದ ಹೆಸರಿನ ಹಲವರನ್ನು ಹುಡುಕಿದ್ದು, ಇಂಥವನ್ನೆಲ್ಲ ಇಟ್ಟುಕೊಂಡು ಜಾರ್ಜಿಯಾ ರಾಜ್ಯದ ಒಬ್ಬ ಹಿರಿಯ ಮಹಿಳೆಯ ಮನೆಗೇ ಹೋಗಿ ನಿಂತರು. ಡೇಟಾ ಹೊರಬಿದ್ದು ಆಗಿನ್ನೂ ಒಂದು ವಾರವೂ ಆಗಿರಲಿಲ್ಲ. ಆಕೆಯ ಪಟ್ಟಿಯಲ್ಲಿ ಕಾಯಿಲೆಗಳ ಹುಡುಕಾಟವೂ ಬೇಕಾದಷ್ಟಿತ್ತು. ಕೇಳಿದರೆ, ಅವುಗಳಲ್ಲಿ ಎಷ್ಟೋ ಗೆಳತಿಯರ ಕಾಯಿಲೆಗಳಂತೆ, ಅವರ ಗಾಬರಿ ನೋಡಲಾರದೆ ಹುಡುಕಿಕೊಟ್ಟದ್ದಂತೆ. ಹೆಸರು ತೆಗೆದ ಫೈಲು ಆಕೆಯ ಗುರುತು ಕೊಟ್ಟಿತು, ಜೊತೆಗೆ ಆಕೆಗೆ ಇಲ್ಲದ ರೋಗಗಳನ್ನೂ ಅಂಟಿಸಿತು. ಜಾಹೀರಾತಿನವರು ಇದನ್ನು ನಂಬಿದ್ದರೆ ಯಾವ ಮಾತ್ರೆ ಮಾರಲು ಹೊರಡುತ್ತಿದ್ದರೋ!

ನಮ್ಮ ಕಡೆಗೆ ಬರೋಣ. ಬೆಂಗಳೂರಿನಂಥ ಊರಲ್ಲಾದರೆ ಗುಂಪಿನಲ್ಲಿ ಅಡಗಲು ಜಾಗ ಇರುತ್ತದೆ. ಒಂದೇ ನಂಬರಿನಡಿ "ಗುಳೇದಗುಡ್ಡ ಖಣ ಹೋಲ್‌ಸೇಲ್", "ಮಗ್ಗಕ್ಕೆ ಸಬ್ಸಿಡಿ ಅರ್ಜಿ", "ಬದಾಮಿ ಸೊಲ್ಲಾಪುರ ರೈಲು ಟೈಮ್", "ಐವಿಎಫ್ ಖರ್ಚು ಬಾಗಲಕೋಟೆ", ಆಮೇಲೆ ಒಂದು ಮನೆತನದ ಹೆಸರು ಇದೆ ಅಂತ ಸುಮ್ಮನೆ ಊಹಿಸಿಕೊಳ್ಳಿ. ಗುಳೇದಗುಡ್ಡದ ಚಹಾ ಅಂಗಡಿಯಲ್ಲಿ ಕೂತವರಿಗೆ ಕಂಪ್ಯೂಟರೇ ಬೇಡ, ಯಾರ ಮನೆ ಅಂತ ಹೇಳಿಬಿಡುತ್ತಾರೆ. ಅದರಲ್ಲೂ ನಾಲ್ಕನೇ ಸಾಲು ಓದಿದವರು ಬಾಯಿ ಮುಚ್ಚಿಕೊಂಡು ಕೂರುವವರಲ್ಲ.

ಇನ್ನು ವ್ಯಾಪಾರದ ಮಾತು. ಆ ಫೈಲಿನಿಂದ ಮಾರ್ಕೆಟಿಂಗ್‌ನವರು ಏನೂ ಕಲಿಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಆಗ ಎಓಎಲ್ ಸರ್ಚ್ ನಡೆಯುತ್ತಿದ್ದದ್ದು ಗೂಗಲ್ ಎಂಜಿನ್ ಮೇಲೆ. ಹಾಗಾಗಿ ಜನ ಎಲ್ಲಿ ಒತ್ತುತ್ತಾರೆ ಅನ್ನುವುದು ಮೊದಲ ಸಲ ಹೊರಗಿನವರಿಗೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಸಿಕ್ಕಿತು. ಎಣಿಸಿ ನೋಡಿದವರಿಗೆ ಕಂಡದ್ದು: ಒಟ್ಟು ಕ್ಲಿಕ್‌ಗಳಲ್ಲಿ ಸುಮಾರು ಶೇ. 42 ಮೊದಲ ಫಲಿತಾಂಶಕ್ಕೆ, ಎರಡನೆಯದಕ್ಕೆ ಶೇ. 12ರ ಆಸುಪಾಸು. ಮೊದಲ ಸ್ಥಾನಕ್ಕೆ ತರುತ್ತೇವೆ ಅಂತ ದುಡ್ಡು ಕೇಳುವವರ ಹಿಂದೆ ಬಹಳ ವರ್ಷ ಇದೇ ಲೆಕ್ಕ ಇತ್ತು. ಆದರೆ ಅದು ಕೈಯಲ್ಲಿ ಸ್ಮಾರ್ಟ್‌ಫೋನ್ ಬರುವ ಮುಂಚಿನ ಅಮೆರಿಕದ ಲೆಕ್ಕ. ಈಗ ಮೇಲೆ ಜಾಹೀರಾತು, ಮ್ಯಾಪ್, ವಿಡಿಯೋ ಎಲ್ಲ ಕೂತಿವೆ. ಇಳಕಲ್ ಸೀರೆಯ ತೋಪ ತೆನಿ ಸೆರಗು ಬೇಕೆನ್ನುವ ಗಿರಾಕಿ ಅಲ್ಲಿ ಯಾರೂ ಇಲ್ಲ.

ಗಮನಿಸಿ, ಆ ಶೇ. 42 ಗೊತ್ತಾಗಲು ಬಳಕೆದಾರರ ನಂಬರ್ ಬೇಕಾಗಿರಲೇ ಇಲ್ಲ. ಎಷ್ಟನೇ ಫಲಿತಾಂಶ ಒತ್ತಿದರು ಅನ್ನುವ ಒಂದು ಕಾಲಂ ಕೂಡಿಸಿದರೆ ಸಾಕಿತ್ತು. ಅಂಗಡಿಯವರಿಗೆ ಬೇಕಾದದ್ದು ಎಷ್ಟು ಜನ, ಯಾವ ಮಾತಿನಲ್ಲಿ, ಯಾವ ಭಾಗದಿಂದ ಹುಡುಕುತ್ತಾರೆ ಅನ್ನುವ ಎಣಿಕೆ. ಒಬ್ಬರ ಹಿಂದೆ ಮೂರು ತಿಂಗಳು ನಡೆಯುವ ನಂಬರ್ ನಿಮ್ಮ ಗಲ್ಲಾಪೆಟ್ಟಿಗೆಗೆ ಏನೂ ತರುವುದಿಲ್ಲ, ಅಪಾಯವೆಲ್ಲ ಇರುವುದೂ ಅದರಲ್ಲೇ. ಗೂಗಲ್ ಟ್ರೆಂಡ್ಸ್ ಒಬ್ಬೊಬ್ಬರನ್ನಲ್ಲ, ಒಂದು ಮಾತಿನ ಹುಡುಕಾಟ ಎಲ್ಲಿ, ಯಾವಾಗ ಎಷ್ಟು ಹೆಚ್ಚು-ಕಡಿಮೆ ಅನ್ನುವುದನ್ನಷ್ಟೇ ತೋರಿಸುತ್ತದೆ. ಗೂಗಲ್‌ನಲ್ಲಿ ಏನು ಹುಡುಕಿದಾಗ ನಿಮ್ಮ ಸೈಟು ಕಂಡಿತು ಅಂತ ನಿಮಗೆ ತೋರಿಸುವ ಸರ್ಚ್ ಕನ್ಸೋಲ್ ಕೂಡ ತೀರಾ ಕೆಲವೇ ಜನ ಮಾಡಿದ ಹುಡುಕಾಟಗಳನ್ನು ಪಟ್ಟಿಯಲ್ಲಿ ತೋರಿಸದೆ ಬಚ್ಚಿಡುತ್ತದೆ. ವರದಿಯಲ್ಲಿ ಲೆಕ್ಕ ತಾಳೆಯಾಗಲಿಲ್ಲ ಅಂತ ಗಿರಾಕಿಗಳು ನನ್ನ ಮೇಲೆ ಹರಿಹಾಯುವುದು ಇದರಿಂದಲೇ.

ಕಾನೂನಿನ ಕಡೆ ಒಂದು ವಿಷಯ. "ಪಬ್ಲಿಕ್ ಆಗಿರುವ ಡೇಟಾ ತಾನೇ" ಎಂಬ ವಾದ ನಡೆಯುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವಿನಾಯಿತಿ ಕೊಡುವುದು ಆ ವ್ಯಕ್ತಿ ತಾನೇ ಬಹಿರಂಗಪಡಿಸಿದ್ದಕ್ಕೆ, ಅಥವಾ ಕಾನೂನಿನ ಪ್ರಕಾರ ಬಹಿರಂಗಪಡಿಸಲೇಬೇಕಾದದ್ದಕ್ಕೆ. ಕಂಪನಿಯೊಂದು ಹೊರಗಿಟ್ಟದ್ದು ಈ ಎರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಹೆಸರಿಲ್ಲ ಅನ್ನುವುದೂ ಪೂರ್ತಿ ರಕ್ಷಣೆಯಲ್ಲ: ಯಾವ ಮಾಹಿತಿಯಿಂದ ಒಬ್ಬರನ್ನು ಗುರುತಿಸಬಹುದೋ ಅದು ಕಾಯ್ದೆಯ ಪ್ರಕಾರ ವೈಯಕ್ತಿಕ ದತ್ತಾಂಶವೇ. ಆ ಡೇಟಾ ಮಾರುವವರು ನಾಳೆ ನಮ್ಮದೇ ಜಿಲ್ಲೆಯ ಮೊಬೈಲ್ ನಂಬರ್‌ಗಳ ಪಟ್ಟಿ ತಂದರೂ ಇದನ್ನು ನೆನಪಿಡಿ. ಎಓಎಲ್ ಫೈಲಿಗಿಂತ ಅಂಥ ಪಟ್ಟಿಗಳೇ ನಮ್ಮಲ್ಲಿ ಜಾಸ್ತಿ ಓಡಾಡುತ್ತವೆ.

ಆ ದುಡ್ಡಿನಲ್ಲಿ ಸೀರೆಗಳ ಒಳ್ಳೆಯ ಫೋಟೋ ತೆಗೆಸಿ, ಕೊಂಡಿ ಕಾಣುವಂಥ ಒಂದು ಕ್ಲೋಸಪ್ ಇರಲಿ. ಸೈಟು ಶುರುವಾದ ದಿನವೇ ಸರ್ಚ್ ಕನ್ಸೋಲ್‌ಗೆ ಸೇರಿಸಿ, ಅದು ಪುಕ್ಕಟೆ. ಟ್ರೆಂಡ್ಸ್‌ನಲ್ಲಿ "ಇಳಕಲ್" ಜೊತೆಗೆ "ಇರಕಲ್" ಅಂತಲೂ ಹಾಕಿ, ಕರ್ನಾಟಕವನ್ನೂ ಮಹಾರಾಷ್ಟ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸೊಲ್ಲಾಪುರ, ಕೊಲ್ಹಾಪುರದ ಕಡೆಯವರು ನಿಮ್ಮ ಸೀರೆಯನ್ನು ಕೇಳುವುದೇ ಇರಕಲ್ ಅಂತ. ಆ ಹೆಸರಿನಲ್ಲಿ ಮರಾಠಿಯಲ್ಲೊಂದು ಪುಟ ನಿಮ್ಮ ಸೈಟಿನಲ್ಲಿ ಇದೆಯಾ? ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.