ಪಹಣಿ ನಮ್ಮದು, ಜಮೀನು ಯಾರದು?

ಪ್ರಶ್ನೆ: ನಮಗೆ 3 ಎಕರೆ ಇದೆ. ರಾಗಿ, ಒಂದಿಷ್ಟು ದ್ರಾಕ್ಷಿ. ಪಹಣಿ ತಾತನ ಹೆಸರಲ್ಲಿದೆ, ಕಂದಾಯ ಬಾಕಿ ಇಲ್ಲ. ಈಗ ಕೈಗಾರಿಕಾ ಪ್ರದೇಶಕ್ಕೆ ಬೇಕು ಅಂತ ನೋಟಿಸು ಬಂದಿದೆ. ಕೊಡಲ್ಲ ಅಂದರೂ ಸರ್ಕಾರ ತಗೊಳ್ಳಬಹುದಾ? ಹಾಗಾದರೆ ಒಡೆಯರು ಯಾರು?
— ಓದುಗರು, ದೊಡ್ಡಬಳ್ಳಾಪುರ ತಾಲ್ಲೂಕು

ಉತ್ತರ: ಒಡೆಯರು ನೀವೇ. ಆದರೂ ತಗೊಳ್ಳಬಹುದು. ಕಂದಾಯ ಇಲಾಖೆಯಲ್ಲಿದ್ದಾಗ ಇಂಥ ನೋಟಿಸು ಹಿಡಿದು ನಾನೂ ಊರೂರು ತಿರುಗಿದವನು. ಜನ ಮೊದಲು ತೋರಿಸುತ್ತಿದ್ದದ್ದು ಪಹಣಿಯ 9ನೇ ಕಾಲಂ. “ನೋಡಿ ಸಾರ್, ನಮ್ಮ ಹೆಸರು!” ಹೆಸರು ಇದ್ದದ್ದಕ್ಕೇ ನೋಟಿಸು ಅವರಿಗೆ ಬಂದಿತ್ತು ಅನ್ನಿ.

ಈ ಅಧಿಕಾರ ಬಂದದ್ದು ಸಾರ್ವಭೌಮತ್ವದಿಂದ. ಜನರ ಹಿತಕ್ಕಾಗಿ ಪ್ರಭುತ್ವ ಪ್ರಜೆಯ ಆಸ್ತಿ ತಗೊಳ್ಳಬಹುದು, ಆದರೆ ಪರಿಹಾರ ಕೊಡಬೇಕು ಅಂತ ಡಚ್ ನ್ಯಾಯಪಂಡಿತ ಗ್ರೋಷಿಯಸ್ 1625ರಲ್ಲೇ ಬರೆದ. ಇಂಗ್ಲೆಂಡಿನ ಜಾನ್ ಲಾಕ್ ಇನ್ನೂ ಬಿಗಿ. ಒಪ್ಪಿಗೆ ಇಲ್ಲದೆ ಮುಟ್ಟುವಂತಿಲ್ಲ ಅಂದ. ಖುಷಿಪಡಬೇಡಿ, ಅವನ ಲೆಕ್ಕದಲ್ಲಿ ನಿಮ್ಮ ಸಹಿಯೇ ಬೇಕು ಅಂತಿಲ್ಲ. ನೀವು ಆರಿಸಿ ಕಳಿಸಿದವರ ಬಹುಮತ ಸಾಕು!

ನಮ್ಮಲ್ಲಿ ಆಸ್ತಿ ಮೂಲಭೂತ ಹಕ್ಕಾಗಿತ್ತು. 1978ರ 44ನೇ ತಿದ್ದುಪಡಿ ಅದನ್ನು ತೆಗೆದು 300ಎ ವಿಧಿ ಸೇರಿಸಿತು. ಕಾನೂನು ಬಿಟ್ಟು ಕಸಿಯುವಂತಿಲ್ಲ, ಅಷ್ಟೇ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಖಾಸಗಿ ಕಂಪನಿಗಾದರೆ ಬಾಧಿತ ಕುಟುಂಬಗಳಲ್ಲಿ ಶೇಕಡಾ 80ರಷ್ಟರ ಒಪ್ಪಿಗೆ ಬೇಕು. ನಿಮ್ಮ ನೋಟಿಸು ಬಹುಶಃ 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ 28ನೇ ಸೆಕ್ಷನ್ ಅಡಿ ಬಂದಿರುತ್ತದೆ. ಅದರಲ್ಲಿ ಒಪ್ಪಿಗೆಯ ಮಾತೇ ಇಲ್ಲ. ನನಗಂತೂ ಇದು ನ್ಯಾಯ ಅನ್ನಿಸುವುದಿಲ್ಲ.

ಹಾಗಂತ ಸುಮ್ನೆ ಕೂರಬೇಡಿ. ನೋಟಿಸು ಕೈಸೇರಿದ 30 ದಿನದೊಳಗೆ ಆಕ್ಷೇಪಣೆ ಕೊಟ್ಟು ಸ್ವೀಕೃತಿ ತಗೊಳ್ಳಿ. 28(4)ರ ಅಂತಿಮ ಅಧಿಸೂಚನೆ ಹೊರಟರೆ ಜಮೀನು ಸರ್ಕಾರದ್ದು. ಹೆಚ್ಚಿನವರು “ರೇಟು ಜಾಸ್ತಿ ಮಾಡಿ” ಅಂತಷ್ಟೇ ಬರೆಯುತ್ತಾರೆ. ಹಾಗೆ ಬರೆದರೆ ಕೊಡಲು ಒಪ್ಪಿದ ಹಾಗೇ ಅಲ್ವಾ? ಮೊದಲು ಉದ್ದೇಶ ಕೇಳಿ. ಯಾವ ಕಾರ್ಖಾನೆ? ಇದೇ ಜಮೀನು ಯಾಕೆ? ಹಳೆಯ ಕೈಗಾರಿಕಾ ಪ್ರದೇಶದಲ್ಲಿ ಖಾಲಿ ಬಿದ್ದಿರುವುದೆಷ್ಟು? ಊರಿನವರೆಲ್ಲ ಸೇರಿ ಕೇಳಿದರೆ ಮಾತಿನ ತೂಕವೇ ಬೇರೆ. ನಿಮ್ಮ ಪಕ್ಕದ ದೇವನಹಳ್ಳಿಯನ್ನೇ ನೋಡಿ. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಜಾಸ್ತಿ ಹೋರಾಡಿದರು. 2025ರ ಜುಲೈ 15ರಂದು ಮುಖ್ಯಮಂತ್ರಿಯೇ ಸ್ವಾಧೀನ ಕೈಬಿಟ್ಟಿದ್ದೇವೆ ಅಂದರು.

ಇನ್ನೊಂದು. ತಾತ ತೀರಿಕೊಂಡಿದ್ದರೆ ಈ ವಾರವೇ ಪೌತಿ ಖಾತೆಗೆ, ಅಂದರೆ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಲು, ಅರ್ಜಿ ಹಾಕಿ. ಜಮೀನು ಉಳಿದರೂ ಹೋದರೂ ಅದು ಬೇಕೇ ಬೇಕು.