ಸುಗ್ಗಿಯ ನಡುವೆ ನಿಲ್ಲಿಸಿದ ಮಾತ್ರೆ

ಗುರುತು ಸಿಗಬಾರದೆಂದು ಊರು, ವಯಸ್ಸು ಮತ್ತು ಮನೆತನದ ವಿವರಗಳನ್ನು ಬದಲಿಸಿದ್ದೇನೆ. ಕಾಯಿಲೆ ಮತ್ತು ಔಷಧಿಯ ಸಂಗತಿಗಳು ಇದ್ದಂತೆಯೇ ಇವೆ.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಗೆ ಮದುವೆಯಾಗಿ ಬಂದು ಎಂಟು ತಿಂಗಳಾಗಿದ್ದ 24 ವರ್ಷದ ಹೆಣ್ಣುಮಗಳೊಬ್ಬರು ಡಿಸೆಂಬರ್ ಕೊನೆಯಲ್ಲಿ ಪತಿ ಮತ್ತು ಅತ್ತೆಯವರೊಂದಿಗೆ ಶಿವಮೊಗ್ಗದಲ್ಲಿ ನನ್ನನ್ನು ಕಾಣಲು ಬಂದರು. ಅವರ ಹಣೆಯ ಮೇಲೆ ಹೊಲಿಗೆ ಹಾಕಿದ ಗಾಯವಿತ್ತು. ಹದಿನೈದನೆಯ ವಯಸ್ಸಿನಿಂದ ಅವರಿಗೆ ಮೂರ್ಛೆರೋಗವಿದೆ. ಬೆಳಗ್ಗೆ ಎದ್ದೊಡನೆ ಕೈಗಳು ಥಟ್ಟನೆ ಅದುರಿ ಕಾಫಿ ಲೋಟ ಜಾರಿಬೀಳುವುದು, ನಿದ್ದೆಗೆಟ್ಟ ಮರುದಿನ ಫಿಟ್ಸ್ ಬರುವುದು ಅದರ ಲಕ್ಷಣ. ಸೋಡಿಯಂ ವಾಲ್ಪ್ರೊಯೇಟ್ ಮಾತ್ರೆ ಶುರುವಾದ ಮೇಲೆ ಕಾಯಿಲೆ ಹತೋಟಿಗೆ ಬಂದು, ಆರು ವರ್ಷ ಒಂದು ಫಿಟ್ಸ್ ಕೂಡ ಬಂದಿರಲಿಲ್ಲ. ತವರಿನವರು ಈ ವಿಷಯವನ್ನು ಗಂಡನ ಮನೆಯವರಿಂದ ಮುಚ್ಚಿಟ್ಟಿದ್ದರು.

ಮನೆಯಲ್ಲಿ ಮಗುವಿನ ಮಾತು ಶುರುವಾದಾಗ ಆಕೆ ಮಾತ್ರೆಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿ ಓದಿದರು, ಹೆದರಿದರು, ಯಾರಿಗೂ ಹೇಳದೆ ಅಂದೇ ಮಾತ್ರೆ ಬಿಟ್ಟರು. ಹನ್ನೆರಡನೆಯ ದಿನ, ರಾತ್ರಿ ಒಂದು ಗಂಟೆಯವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದು, ಮತ್ತೆ ಐದಕ್ಕೇ ಎದ್ದು, ಅಡಿಕೆ ಬೇಯಿಸುವ ಹಂಡೆಯ ಒಲೆಗೆ ಉರಿ ಹಾಕುವಾಗ ಬಿದ್ದರು. ಅತ್ತೆ ರಟ್ಟೆ ಹಿಡಿದು ಹಿಂದಕ್ಕೆ ಎಳೆದುಕೊಂಡದ್ದರಿಂದ ಹಣೆಗೆ ಕಲ್ಲು ತಗುಲಿತೇ ಹೊರತು ಮೈ ಬೇಯಲಿಲ್ಲ.

ಮೊದಲ ಭೇಟಿಯ ಬಹುಪಾಲು ಮುಚ್ಚಿಟ್ಟದ್ದರ ನೋವಿನಲ್ಲೇ ಕಳೆಯಿತು. "ನಮ್ಮ ಹತ್ರ ಒಂದು ಮಾತು ಹೇಳಿದ್ರೆ ರಾತ್ರಿ ಕೂರಿಸ್ತಿದ್ವಾ ಮೇಡಂ?" ಎಂದು ಅತ್ತೆ ಕೇಳಿದಾಗ ಸೊಸೆ ಅತ್ತುಬಿಟ್ಟರು. ಈ ಕಾಯಿಲೆಯಿಂದಾಗಿ ಮದುವೆಯೇ ರದ್ದಾಗುತ್ತದೆ ಎಂಬ ಭಯ ತವರಿನವರಿಗಿತ್ತು. ಹಿಂದೂ ವಿವಾಹ ಕಾಯ್ದೆಯ ಷರತ್ತುಗಳಿಂದ ಮೂರ್ಛೆರೋಗವನ್ನು 1999ರ ತಿದ್ದುಪಡಿಯಲ್ಲೇ ತೆಗೆದುಹಾಕಲಾಗಿದೆ ಎಂದು ತಿಳಿಸಿದೆ. ಪತಿ ಹೆಚ್ಚು ಮಾತಾಡಲಿಲ್ಲ, ಆದರೆ ಹಳೆಯ ಚೀಟಿಗಳನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿ ತಂದಿದ್ದರು.

ಆಕೆ ಓದಿದ್ದು ಸುಳ್ಳೇನಲ್ಲ. ಗರ್ಭದಲ್ಲಿದ್ದಾಗ ವಾಲ್ಪ್ರೊಯೇಟ್‌ಗೆ ಒಡ್ಡಿಕೊಂಡ ನೂರು ಮಕ್ಕಳಲ್ಲಿ ಸುಮಾರು ಹತ್ತು ಮಕ್ಕಳಿಗೆ ಬೆನ್ನುಹುರಿ, ಹೃದಯ, ತುಟಿ ಅಥವಾ ಅಂಗುಳಿನಂಥ ಅಂಗಗಳಲ್ಲಿ ಜನ್ಮದೋಷ ಕಾಣುತ್ತದೆ. ಸಾಮಾನ್ಯವಾಗಿ ಈ ಪ್ರಮಾಣ ನೂರಕ್ಕೆ ಎರಡು ಮೂರು. ಕಲಿಕೆ, ಮಾತು ಮತ್ತು ನಡವಳಿಕೆಯ ತೊಂದರೆ ನೂರರಲ್ಲಿ 30ರಿಂದ 40 ಮಕ್ಕಳಿಗೆ ಬರಬಹುದು. ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಮೂರ್ಛೆರೋಗದ ಮಾತ್ರೆ ತೆಗೆದುಕೊಳ್ಳುತ್ತಿದ್ದ ತಾಯಂದಿರ ಮಕ್ಕಳನ್ನು ಆರು ವರ್ಷದವರೆಗೆ ಹಿಂಬಾಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾಲ್ಪ್ರೊಯೇಟ್ ಗುಂಪಿನ ಮಕ್ಕಳ ಸರಾಸರಿ ಬುದ್ಧಿಮಟ್ಟ 97 ಇದ್ದರೆ ಲ್ಯಾಮೊಟ್ರಿಜಿನ್ ಎಂಬ ಇನ್ನೊಂದು ಮೂರ್ಛೆರೋಗದ ಮಾತ್ರೆಯ ಗುಂಪಿನವರದು 108 ಇತ್ತು. ಡೋಸ್ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಯುರೋಪಿನ ಔಷಧ ನಿಯಂತ್ರಕರು 2018ರಲ್ಲಿ, ಗರ್ಭ ಧರಿಸಬಲ್ಲ ಮಹಿಳೆಯರಿಗೆ ಗರ್ಭನಿರೋಧದ ಕಟ್ಟುನಿಟ್ಟಾದ ಏರ್ಪಾಡಿಲ್ಲದೆ ಇದನ್ನು ಕೊಡಬಾರದೆಂದು ವಿಧಿಸಿದರು.

ಇದೇ ಔಷಧಿ ಈಕೆಗಿರುವ ಬಗೆಯ ಮೂರ್ಛೆರೋಗಕ್ಕೆ ಉಳಿದವುಗಳಿಗಿಂತ ಹೆಚ್ಚು ಫಲ ಕೊಡುತ್ತದೆ ಎಂಬುದೂ ಅಷ್ಟೇ ನಿಜ. ಬ್ರಿಟನ್ನಿನಲ್ಲಿ ನಡೆದು 2007ರಲ್ಲಿ ಮತ್ತು 2021ರಲ್ಲಿ ಪ್ರಕಟವಾದ ಎರಡು ದೊಡ್ಡ ಹೋಲಿಕೆಗಳು ಇದನ್ನೇ ತೋರಿಸಿವೆ. ಹಾಗಾಗಿ ಮಾತ್ರೆ ಬದಲಿಸಿದರೆ ಫಿಟ್ಸ್ ಮರುಕಳಿಸಬಹುದೆಂಬುದನ್ನು ನಾನು ಮರೆಮಾಚಲಿಲ್ಲ. ಒಮ್ಮೆಲೇ ನಿಲ್ಲಿಸಿದರೆ ಬಿಡುವಿಲ್ಲದೆ ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು, ಗರ್ಭಿಣಿಯಾಗಿದ್ದರೆ ತಾಯಿಯ ಜೊತೆ ಮಗುವಿನ ಜೀವಕ್ಕೂ ಕುತ್ತು ಎಂಬುದನ್ನು ಮೂವರಿಗೂ ಎರಡೆರಡು ಸಲ ವಿವರಿಸಿದೆ.

ನನ್ನನ್ನು ಇಂದಿಗೂ ಕಾಡುವುದು ಆ ಚೀಟಿಗಳು. ಒಂಬತ್ತು ವರ್ಷಗಳಲ್ಲಿ ಅದೇ ಮಾತ್ರೆ, ಅದೇ ಡೋಸ್. ಬಾಲಕಿ ಯುವತಿಯಾಗಿ ಮದುವೆಯ ವಯಸ್ಸಿಗೆ ಬಂದಾಗಲೂ ಯಾರೊಬ್ಬರೂ ಕೂರಿಸಿ ಈ ವಿಷಯ ತಿಳಿಸಿರಲಿಲ್ಲ. ಕೊನೆಯ ಮೂರು ವರ್ಷ ವೈದ್ಯರ ಭೇಟಿಯೇ ಇಲ್ಲದೆ ಔಷಧಿ ಅಂಗಡಿಯಿಂದ ತರಿಸಿಕೊಂಡಿದ್ದರು. ಮದುವೆಗೆ ಮೊದಲೇ ಒಂದು ಗಂಟೆ ಮಾತಾಡಿದ್ದರೆ ಆಕೆ ಆ ಒಲೆಯ ಮುಂದೆ ಬೀಳುತ್ತಿರಲಿಲ್ಲ.

ಔಷಧಿ ಬದಲಿಸುವ ನಿರ್ಧಾರ ನರರೋಗ ತಜ್ಞರದು. ಪತ್ರ ಬರೆದು ಅಂದೇ ಅವರ ಬಳಿಗೆ ಕಳಿಸಿದೆ. ಗರ್ಭ ನಿಂತಿಲ್ಲವೆಂದು ಪರೀಕ್ಷೆಯಲ್ಲಿ ಖಚಿತಪಡಿಸಿಕೊಂಡ ಬಳಿಕ ಅವರು ವಾಲ್ಪ್ರೊಯೇಟ್ ಅನ್ನು ಮತ್ತೆ ಶುರುಮಾಡಿ, ಲೆವೆಟಿರಾಸಿಟಾಮ್ ಎಂಬ ಮಾತ್ರೆಯನ್ನು ಸೇರಿಸಿ, ಅದು ಸಾಕಷ್ಟು ಡೋಸ್ ತಲುಪಿದ ಮೇಲೆ ಹಳೆಯದನ್ನು ತಿಂಗಳುಗಟ್ಟಲೆ ಸಮಯ ಕೊಟ್ಟು ಇಳಿಸತೊಡಗಿದರು. ಹೊಸ ಮಾತ್ರೆಯಿಂದ ಜನ್ಮದೋಷದ ಅಪಾಯ ಬಹಳ ಕಡಿಮೆ, ಆದರೆ ಕೆಲವರಲ್ಲಿ ಸಿಡುಕು ಮತ್ತು ಮಂಕು ಹೆಚ್ಚುತ್ತದೆ. ಸೊಸೆ ಸುಮ್ಮಸುಮ್ಮನೆ ರೇಗಿದರೆ ಅದನ್ನು ಸ್ವಭಾವವೆಂದು ತೀರ್ಮಾನಿಸದೆ ನನಗೆ ಫೋನ್ ಮಾಡಿ ಎಂದು ಪತಿಗೂ ಅತ್ತೆಗೂ ಹೇಳಿದೆ.

ಬದಲಾವಣೆ ಮುಗಿಯುವವರೆಗೆ ಗರ್ಭ ನಿಲ್ಲದಂತೆ ಕಾಪರ್-ಟಿ ಹಾಕಿಸಿಕೊಳ್ಳಬಹುದೇ ಎಂದು ಸ್ತ್ರೀರೋಗ ತಜ್ಞರನ್ನು ಕೇಳಲು ತಿಳಿಸಿದೆ. ಒಂದು ವೇಳೆ ಮುಟ್ಟು ತಪ್ಪಿದರೆ ಮಾತ್ರೆ ಬಿಡದೆ ಅದೇ ವಾರ ವೈದ್ಯರನ್ನು ಕಾಣಬೇಕು. ಮಗುವಿನ ಬೆನ್ನುಹುರಿಯ ನಾಳ ಗರ್ಭ ನಿಂತ 28 ದಿನಗಳೊಳಗೆ, ಎಷ್ಟೋ ತಾಯಂದಿರಿಗೆ ಗರ್ಭದ ಸುಳಿವೇ ಸಿಗುವ ಮೊದಲು, ಮುಚ್ಚಿಕೊಳ್ಳುವುದರಿಂದ, ಫೋಲಿಕ್ ಆಮ್ಲವನ್ನು ತಜ್ಞರು ಹೇಳಿದ ಡೋಸಿನಲ್ಲಿ ಮುಂಚಿನಿಂದಲೇ ತೆಗೆದುಕೊಳ್ಳಬೇಕು. ಕನಿಷ್ಠ ಏಳು ಗಂಟೆ ನಿದ್ದೆ ಆಗಲೇಬೇಕು. ಒಲೆ, ಬಾವಿಕಟ್ಟೆ ಮತ್ತು ಕೆರೆಯ ಹತ್ತಿರ ಒಂಟಿಯಾಗಿ ಇರಬಾರದು. ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡದೆ, ಬಾಯಿಗೆ ಏನನ್ನೂ ತುರುಕದೆ, ಮಗ್ಗುಲಿಗೆ ಮಲಗಿಸಬೇಕು. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಬೇಕು.

ಹನ್ನೊಂದು ತಿಂಗಳಾಗಿವೆ. ವಾಲ್ಪ್ರೊಯೇಟ್ ಪೂರ್ತಿ ನಿಂತಿದೆ. ಮಳೆಗಾಲದಲ್ಲಿ ಎರಡು ಬೆಳಗ್ಗೆ ಕೈ ಅದುರಿದ್ದರಿಂದ ಹೊಸ ಮಾತ್ರೆಯ ಡೋಸ್ ಸ್ವಲ್ಪ ಏರಿಸಿದ್ದಾರೆ, ಫಿಟ್ಸ್ ಬಂದಿಲ್ಲ. ಈ ಸಲದ ಸುಗ್ಗಿ ಆರಂಭವಾಗಿದ್ದು, ರಾತ್ರಿ ಸುಲಿಯುವ ಕೆಲಸಕ್ಕೆ ಒಬ್ಬ ಆಳನ್ನು ಹೆಚ್ಚಿಗೆ ಗೊತ್ತುಮಾಡಿರುವುದಾಗಿ ಅತ್ತೆ ಫೋನಿನಲ್ಲಿ ಹೇಳಿದರು. ಕಾಪರ್-ಟಿ ತೆಗೆಸುವ ಬಗ್ಗೆ ತಜ್ಞರು ಜನವರಿಯ ಭೇಟಿಯಲ್ಲಿ ತಿಳಿಸಲಿದ್ದಾರೆ.