ಆರ್‌ಸಿ ಕಾರ್ (ರಿಮೋಟಿನಿಂದ ಓಡಿಸುವ ಪುಟ್ಟ ಕಾರು) ರೇಸ್‌ನಲ್ಲಿ ಪಿಟ್ ಟೇಬಲ್ (ಕಾರು ಸಿದ್ಧಪಡಿಸುವ ಮೇಜು) ಮೇಲಿನ ಸಾಮಾನು ಕಳುವಾಗದಂತೆ ಏನು ಮಾಡಬೇಕು?

ಟೇಬಲ್ ಅನಾಥವಾಗುವುದು ನೀವು ಕಾರು ಓಡಿಸುವಾಗ ಮತ್ತು ಮುಂದಿನ ಹೀಟ್‌ಗೆ (ಸುತ್ತಿನ ಓಟಕ್ಕೆ) ಮಾರ್ಷಲ್ ಆಗಿ, ಅಂದರೆ ಮಗುಚಿದ ಕಾರುಗಳನ್ನು ಎತ್ತಿಡಲು ನಿಂತಾಗ. ಆ ಎರಡೂ ಹೊತ್ತಿನಲ್ಲಿ ಬಿಡುವಿರುವ ಒಬ್ಬರಿಗೆ ನೋಡಿಕೊಳ್ಳಲು ಹೇಳಿಡಿ.

ಟ್ರಾನ್ಸ್‌ಪಾಂಡರ್ (ಲ್ಯಾಪ್ ಎಣಿಕೆಗೆ ಕಾರಿನ ಗುರುತು ಕಳಿಸುವ ಸಾಧನ), ಸರ್ವೋ (ಚಕ್ರ ಹೊರಳಿಸುವ ಮೋಟಾರು), ಹೆಕ್ಸ್ ಡ್ರೈವರ್‌ಗಳು (ಆರು ಮೂಲೆಯ ತುದಿಯ ಸ್ಕ್ರೂಡ್ರೈವರ್) ಸಲೀಸಾಗಿ ಜೇಬಿಗಿಳಿಯುತ್ತವೆ. ಬೀಗದ ಪೆಟ್ಟಿಗೆಗೆ ಹಾಕಿ. ಹಿಡಿಕೆಯೊಳಗಿಂದ ಉಕ್ಕಿನ ಕೇಬಲ್ ತೂರಿಸಿ ಕಂಬಕ್ಕೆ ಬಿಗಿಯಿರಿ. ಟೇಬಲ್ ಕಾಲಿಗೆ ಕಟ್ಟಿದರೆ ವ್ಯರ್ಥ, ಕಾಲೆತ್ತಿದರೆ ಕುಣಿಕೆ ಜಾರಿ ಕೈಗೆ ಬರುತ್ತದೆ. ಚಾರ್ಜ್ ಆಗುತ್ತಿರುವ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನು ಮಾತ್ರ ಒಳಗಿಟ್ಟು ಬೀಗ ಜಡಿಯಬೇಡಿ. ಹೊತ್ತಿಕೊಂಡರೆ ಪೆಟ್ಟಿಗೆಯೇ ಹೋಗುತ್ತದೆ.

ಟ್ರಾನ್ಸ್‌ಪಾಂಡರ್ ನಂಬರ್ ಬರೆದಿಟ್ಟುಕೊಳ್ಳಿ. ಕದ್ದವರು ಅದನ್ನು ಹಾಕಿ ಓಡಿಸಿದರೆ ಲ್ಯಾಪ್ ಎಣಿಸುವ ಕಂಪ್ಯೂಟರಿನಲ್ಲಿ ಅದೇ ನಂಬರ್ ಮೂಡುತ್ತದೆ, ಆಯೋಜಕರಿಗೆ ಮೊದಲೇ ತಿಳಿಸಿದ್ದರೆ ಸಿಕ್ಕಿಬೀಳುತ್ತಾರೆ. ಹೆಸರನ್ನು ಚಾಸಿಯ (ಕಾರಿನ ತಳದ ಚೌಕಟ್ಟಿನ) ಒಳಬದಿಯಲ್ಲಿ ಕೆತ್ತಿ. ಸ್ಟಿಕ್ಕರ್ ಉಗುರಿಗೇ ಕಿತ್ತು ಬರುತ್ತದೆ, ಮೇಲಿನ ಕವಚವಾದ ಬಾಡಿಯಂತೂ ನಾಲ್ಕು ಕ್ಲಿಪ್ ತೆಗೆದರೆ ಬದಲು.